ಹಳ್ಳಿ ಪಾಲಿಕೆಗೆ ಸೇರಿದ ಮಾತ್ರಕ್ಕೆ ಜಾಗದ ಝೋನ್ ಬದಲಾಗುತ್ತದೆಯೇ?

ಪ್ರಶ್ನೆ: ನಾವು ಮೂಲತಃ ವಿಜಯಪುರ ಜಿಲ್ಲೆಯ ಇಂಡಿ ತಾಲೂಕಿನವರು. ಇಪ್ಪತ್ತೆರಡು ವರ್ಷಗಳಿಂದ ಪುಣೆಯ ಹಡಪ್ಸರದಲ್ಲಿ ಸಣ್ಣ ಖಾನಾವಳಿ ನಡೆಸುತ್ತಿದ್ದೇವೆ. ಊರಿಗೆ ಹೋಗುವ ಬಸ್ಸು ಸೋಲಾಪುರ ರಸ್ತೆಯಲ್ಲೇ ಸಿಗುತ್ತದೆಂಬ ಆಸೆಯಿಂದ 2015ರಲ್ಲಿ ಮಾಂಜರಿ ಬುದ್ರುಕ್‌ನಲ್ಲಿ ಮೂರು ಗುಂಟೆ ಜಾಗ ಕೊಂಡೆವು. ಸಾತ್‌ಬಾರಾದಲ್ಲಿ, ಅಂದರೆ ಇಲ್ಲಿನ ಪಹಣಿಯಲ್ಲಿ, ನಮ್ಮ ಯಜಮಾನರ ಹೆಸರು ಇನ್ನೂ ಹನ್ನೊಂದು ಮಂದಿಯ ಹೆಸರಿನೊಂದಿಗೆ ಇದೆ. 2021ರಲ್ಲಿ ಆ ಊರು ಪುಣೆ ಮಹಾನಗರಪಾಲಿಕೆಗೆ ಸೇರಿತು. ‘ಇನ್ನು ಎಲ್ಲವೂ ತಾನಾಗಿಯೇ ರೆಸಿಡೆನ್ಶಿಯಲ್ ಝೋನ್ ಆಯಿತು, ಮನೆ ಕಟ್ಟಿಕೊಳ್ಳಿ’ ಎನ್ನುತ್ತಾರೆ ಜಾಗ ಮಾರಿದವರು. ನಮ್ಮ ಜಾಗದ ಮೇಲೆಯೇ ದೊಡ್ಡ ರಸ್ತೆ ಹೋಗುತ್ತದೆಂದು ಪಕ್ಕದವರು ಮೊಬೈಲಿನಲ್ಲಿ ನಕ್ಷೆ ತೋರಿಸುತ್ತಾರೆ. ಹೊಸದಾಗಿ ಸೇರಿದ ಹಳ್ಳಿಗೆ ಝೋನ್ ಹಾಕುವವರು ಯಾರು, ಹೇಗೆ ಹಾಕುತ್ತಾರೆ? ನಾವು ಈಗ ಮನೆ ಕಟ್ಟಬಹುದೇ?
— ಒಬ್ಬ ಓದುಗರು, ಹಡಪ್ಸರ

ಉತ್ತರ: ನಿಮ್ಮ ಪತ್ರದಲ್ಲಿ ಮೂರು ಪ್ರಶ್ನೆಗಳು ಒಂದಕ್ಕೊಂದು ಹೆಣೆದುಕೊಂಡಿವೆ. ಅವನ್ನು ಬಿಡಿಸುವ ಮೊದಲು, ನೀವು ಕಾಯುತ್ತಿರುವ ಮಾತನ್ನು ಹೇಳಿಬಿಡುತ್ತೇನೆ. ಊರು ಪಾಲಿಕೆಗೆ ಸೇರಿದ್ದರಿಂದ ನಿಮ್ಮ ಮೂರು ಗುಂಟೆಯ ಝೋನ್ ಬದಲಾಗಿಲ್ಲ. 2021ರ ಜೂನ್ 30ರ ಅಧಿಸೂಚನೆಯ ಹಿಂದಿನ ದಿನ ಅದು ಯಾವ ಝೋನಿನಲ್ಲಿತ್ತೋ ಮರುದಿನವೂ ಅದೇ ಝೋನಿನಲ್ಲಿತ್ತು. ಜಾಗ ಮಾರಿದವರು ಹೇಳುತ್ತಿರುವುದು ಅವರ ಆಸೆಯೇ ಹೊರತು ಕಾಯ್ದೆಯಲ್ಲ.

ಗೊಂದಲಕ್ಕೆ ಕಾರಣ, ಇಲ್ಲಿ ಎರಡು ಬೇರೆ ಬೇರೆ ಕಾಯ್ದೆಗಳು ಕೆಲಸ ಮಾಡುತ್ತವೆ ಎಂಬುದು ಹೆಚ್ಚಿನವರಿಗೆ ತಿಳಿಯದಿರುವುದು. ಪಾಲಿಕೆಯ ಗಡಿಯನ್ನು ಹಿಗ್ಗಿಸುವುದು 1949ರ ಮಹಾರಾಷ್ಟ್ರ ಮಹಾನಗರಪಾಲಿಕೆ ಕಾಯ್ದೆ. ಅದರ 3ನೇ ಕಲಮಿನ ಪ್ರಕಾರ ರಾಜ್ಯ ಸರ್ಕಾರವು ಪಾಲಿಕೆಯೊಂದಿಗೆ ಸಮಾಲೋಚಿಸಿ, ಅಧಿಸೂಚನೆ ಹೊರಡಿಸಿ, ಹಳ್ಳಿಗಳನ್ನು ಒಳಗೆ ತೆಗೆದುಕೊಳ್ಳುತ್ತದೆ. ಆ ಅಧಿಸೂಚನೆಯಿಂದ ಗ್ರಾಮಪಂಚಾಯತಿ ಇಲ್ಲವಾಗುತ್ತದೆ, ನೀರು, ಕಸ, ದೀಪ, ಚರಂಡಿಯ ಹೊಣೆ ಪಾಲಿಕೆಗೆ ಬರುತ್ತದೆ, ತೆರಿಗೆಯ ರಸೀದಿಯ ಮೇಲಿನ ಹೆಸರು ಬದಲಾಗುತ್ತದೆ. ಭೂಮಿಯ ಬಳಕೆ ನಿರ್ಧಾರವಾಗುವುದು 1966ರ ಮಹಾರಾಷ್ಟ್ರ ಪ್ರಾದೇಶಿಕ ಮತ್ತು ನಗರ ಯೋಜನಾ ಕಾಯ್ದೆಯಿಂದ; ಇಲ್ಲಿನವರು ಅದನ್ನು ‘ಎಂಆರ್‌ಟಿಪಿ’ ಎಂದೇ ಕರೆಯುತ್ತಾರೆ. ಮೊದಲನೆಯದು ಒಂದೇ ದಿನದಲ್ಲಿ ಆಗುವ ಕೆಲಸ. ಎರಡನೆಯದಕ್ಕೆ ವರ್ಷಗಳೇ ಹಿಡಿಯುತ್ತವೆ, ಮತ್ತು ಈ ನಡುವಿನ ವರ್ಷಗಳಲ್ಲಿಯೇ ನಿಮ್ಮಂಥವರ ಹಣ ಸಿಕ್ಕಿಹಾಕಿಕೊಳ್ಳುತ್ತದೆ.

ಹಾಗಾದರೆ ಹೊಸ ಯೋಜನೆ ಬರುವವರೆಗೆ ನಡೆಯುವುದು ಯಾವ ನಕ್ಷೆ? ಹಳೆಯದೇ. ಪುಣೆಯ ಸುತ್ತಲಿನ ಹಳ್ಳಿಗಳಿಗೆ 1997ರಲ್ಲಿ ಮಂಜೂರಾದ ಪುಣೆ ಪ್ರಾದೇಶಿಕ ಯೋಜನೆ ಇದೆ. ಅದರಲ್ಲಿ ನಿಮ್ಮ ಗಟ್ ನಂಬರು, ಅಂದರೆ ಇಲ್ಲಿನ ಸರ್ವೆ ನಂಬರು, ‘ರಹಿವಾಸ’ ವಿಭಾಗದಲ್ಲಿದ್ದರೆ ವಾಸದ ಮನೆಗೆ ಅನುಮತಿ ಕೇಳಬಹುದು. ‘ಶೇತಿ ವ ನಾ-ವಿಕಾಸ’ ವಿಭಾಗದಲ್ಲಿದ್ದರೆ ಅದು ಕೃಷಿ ಭೂಮಿಯೇ, ಸುತ್ತಮುತ್ತ ಎಷ್ಟೇ ಹತ್ತು ಮಹಡಿಯ ಕಟ್ಟಡಗಳು ಎದ್ದಿದ್ದರೂ. 2020ರ ಡಿಸೆಂಬರಿನಲ್ಲಿ ಜಾರಿಗೆ ಬಂದ ರಾಜ್ಯದ ಏಕೀಕೃತ ಅಭಿವೃದ್ಧಿ ನಿಯಂತ್ರಣ ನಿಯಮಾವಳಿಯು, ಅಂದರೆ ಆರ್ಕಿಟೆಕ್ಟುಗಳ ಬಾಯಲ್ಲಿ ಸದಾ ಓಡಾಡುವ ‘ಯುಡಿಸಿಪಿಆರ್’, ಆಯಾ ಝೋನಿನಲ್ಲಿ ಏನು ಕಟ್ಟಬಹುದು, ಎಷ್ಟು ಎತ್ತರ, ಸುತ್ತ ಎಷ್ಟು ಜಾಗ ಬಿಡಬೇಕು ಎಂಬುದನ್ನು ಹೇಳುತ್ತದೆ. ಝೋನನ್ನು ಅದು ಹೇಳುವುದಿಲ್ಲ. ಕೃಷಿ ಝೋನಿನಲ್ಲಿ ತೋಟದ ಮನೆಗೆ ಅವಕಾಶವಿದೆಯೆಂದು ಯಾರಾದರೂ ನಿಮಗೆ ಧೈರ್ಯ ತುಂಬಿದರೆ, ಅದಕ್ಕೆ ಕನಿಷ್ಠ 0.4 ಹೆಕ್ಟೇರ್, ಅಂದರೆ ಹೆಚ್ಚುಕಡಿಮೆ ಒಂದು ಎಕರೆ ಬೇಕೆಂಬುದನ್ನು ನೆನಪಿಡಿ. ನಿಮ್ಮಲ್ಲಿರುವುದು ಅದರ ಹದಿಮೂರನೆಯ ಒಂದು ಪಾಲು.

ಇನ್ನು ಝೋನ್ ಹಾಕುವವರು ಯಾರು ಎಂಬ ಪ್ರಶ್ನೆ. ಕರ್ನಾಟಕದಿಂದ ಬಂದವರಿಗೆ ಇಲ್ಲೊಂದು ಎಚ್ಚರಿಕೆ ಬೇಕು. 2007ರಲ್ಲಿ ಬೆಂಗಳೂರು ಮಹಾನಗರಪಾಲಿಕೆಗೆ ಸುತ್ತಲಿನ 110 ಹಳ್ಳಿಗಳು ಸೇರಿದಾಗ ಅಲ್ಲಿನ ಮಾಸ್ಟರ್ ಪ್ಲಾನ್ ಬಿಡಿಎಯ ಕೈಯಲ್ಲಿಯೇ ಇತ್ತು; ಪಾಲಿಕೆ ಬೇರೆ, ಯೋಜನಾ ಪ್ರಾಧಿಕಾರ ಬೇರೆ ಎಂಬುದು ಅಲ್ಲಿ ರೂಢಿಯಾಗಿರುವ ವ್ಯವಸ್ಥೆ. ಮಹಾರಾಷ್ಟ್ರದಲ್ಲಿ ಮಹಾನಗರಪಾಲಿಕೆಯೇ ಸಾಮಾನ್ಯವಾಗಿ ಯೋಜನಾ ಪ್ರಾಧಿಕಾರ. ಗಡಿ ಹಿಗ್ಗಿದಾಗ ಎಂಆರ್‌ಟಿಪಿಯ 34ನೇ ಕಲಮಿನಂತೆ ಪಾಲಿಕೆಯು ಹೆಚ್ಚುವರಿ ಪ್ರದೇಶಕ್ಕೆ ಹೊಸದಾಗಿ ಯೋಜನೆ ತಯಾರಿಸುವ ಇರಾದೆಯನ್ನು ಪ್ರಕಟಿಸಬೇಕು. ಆ ಪ್ರದೇಶಕ್ಕಷ್ಟೇ ಪ್ರತ್ಯೇಕ ಯೋಜನೆ ಮಾಡಬಹುದು, ಅಥವಾ ಹಳೆಯ ನಗರದೊಂದಿಗೆ ಸೇರಿಸಿ ಮಾಡಬಹುದು. 2017ರ ಅಕ್ಟೋಬರಿನಲ್ಲಿ ಲೋಹಗಾಂವ್, ಉಂಡ್ರಿ, ಧಾಯರಿ ಮುಂತಾದ ಹನ್ನೊಂದು ಹಳ್ಳಿಗಳು ಸೇರಿದಾಗ ಈ ಕೆಲಸ ಪುಣೆ ಪಾಲಿಕೆಯ ಪಾಲಿಗೇ ಬಂತು.

2021ರಲ್ಲಿ ನಿಮ್ಮ ಮಾಂಜರಿಯೂ ಸೇರಿದಂತೆ 23 ಹಳ್ಳಿಗಳು ಬಂದಾಗ ಕತೆ ಬೇರೆಯಾಯಿತು. ಆ ಹಳ್ಳಿಗಳು ಅದುವರೆಗೆ 2015ರಲ್ಲಿ ಹುಟ್ಟಿದ ಪುಣೆ ಮಹಾನಗರ ಪ್ರದೇಶ ಅಭಿವೃದ್ಧಿ ಪ್ರಾಧಿಕಾರದ, ಅಂದರೆ ಪಿಎಂಆರ್‌ಡಿಎಯ ವ್ಯಾಪ್ತಿಯಲ್ಲಿದ್ದವು, ಮತ್ತು ಪ್ರಾಧಿಕಾರ ತನ್ನ ಕರಡನ್ನು ಆಗಲೇ ಸಿದ್ಧಪಡಿಸುತ್ತಿತ್ತು. ಹಾಗಾಗಿ ಸರ್ಕಾರವು 2021ರ ಜುಲೈನಲ್ಲಿ ಈ 23 ಹಳ್ಳಿಗಳಿಗೆ ಪಾಲಿಕೆಯ ಬದಲು ಪಿಎಂಆರ್‌ಡಿಎಯನ್ನೇ ವಿಶೇಷ ಯೋಜನಾ ಪ್ರಾಧಿಕಾರವಾಗಿ ನೇಮಿಸಿತು. ಕಸ ಎತ್ತುವವರು ಒಬ್ಬರು, ನಕ್ಷೆ ಬರೆಯುವವರು ಇನ್ನೊಬ್ಬರು. ಇದು ಒಳ್ಳೆಯ ಏರ್ಪಾಡು ಎಂದು ನನಗೆ ಆಗಲೂ ಅನ್ನಿಸಿರಲಿಲ್ಲ. ನೀರಿನ ಕೊಳವೆ ಹಾಕಬೇಕಾದವರಿಗೆ ಮನೆಗಳು ಎಲ್ಲಿ ಬರುತ್ತವೆ ಎಂಬುದನ್ನು ತೀರ್ಮಾನಿಸುವ ಅಧಿಕಾರವಿಲ್ಲದಿದ್ದರೆ, ನಾಳೆ ನಲ್ಲಿಯಲ್ಲಿ ಬರುವುದು ಗಾಳಿಯೇ. ನಿಮ್ಮ ಮಟ್ಟಿಗೆ ಮುಖ್ಯವಾದದ್ದು ಇಷ್ಟು: ಯೋಜನಾ ಪ್ರಾಧಿಕಾರ ಯಾವುದೆಂಬುದು ಸರ್ಕಾರದ ಒಂದು ಅಧಿಸೂಚನೆಯಿಂದ ಅತ್ತಿಂದಿತ್ತ ಆಗಬಲ್ಲದು. ಆದ್ದರಿಂದ ಅರ್ಜಿ ಹಾಕುವ ದಿನ, ನಿಮ್ಮ ಗಟ್ ನಂಬರಿಗೆ ಇಂದು ಅನುಮತಿ ಕೊಡುವ ಕಚೇರಿ ಯಾವುದೆಂದು ಮೊದಲು ಬಾಯಿಬಿಟ್ಟು ಕೇಳಿ, ಆಮೇಲೆ ಚಲನ್ ತುಂಬಿ.

ಪಕ್ಕದವರು ಮೊಬೈಲಿನಲ್ಲಿ ತೋರಿಸಿದ ನಕ್ಷೆ ಬಹುಶಃ 2021ರ ಆಗಸ್ಟ್ ಆರಂಭದಲ್ಲಿ ಪಿಎಂಆರ್‌ಡಿಎ ಪ್ರಕಟಿಸಿದ ಕರಡಿನ ಒಂದು ತುಣುಕು. ಅದಕ್ಕೆ ಸಾವಿರಾರು ಆಕ್ಷೇಪಣೆಗಳು ಬಂದವು. ಕರಡನ್ನು ಪ್ರಾಧಿಕಾರ ತಿದ್ದಬಹುದು, ಸರ್ಕಾರ ಬದಲಿಸಬಹುದು, ಹಿಂತಿರುಗಿಸಬಹುದು, ಪೂರ್ತಿಯಾಗಿ ಕೈಬಿಡಲೂಬಹುದು. ಮೊಬೈಲಿನಿಂದ ಮೊಬೈಲಿಗೆ ಬರುವ ಚಿತ್ರದಲ್ಲಿ ದಿನಾಂಕ ಇರುವುದಿಲ್ಲ, ಮೊಹರು ಇರುವುದಿಲ್ಲ, ಅದು ಯಾವ ಹಂತದ ಹಾಳೆ ಎಂಬುದೂ ಇರುವುದಿಲ್ಲ. ಆ ಚಿತ್ರವನ್ನು ನಂಬಿ ನೀವು ಹೆದರಬೇಕಾಗಿಲ್ಲ. ಅದೇ ಚಿತ್ರದಲ್ಲಿ ವಾಸದ ಝೋನಿನ ಹಳದಿ ಬಣ್ಣ ಕಂಡಿತೆಂದು ಅಡಿಪಾಯ ತೋಡಲೂ ಬಾರದು.

ಈಗ ನಿಮ್ಮ ಪ್ರಶ್ನೆಯ ತಿರುಳಿಗೆ ಬರೋಣ: ಝೋನ್ ಹಾಕುವುದು ಹೇಗೆ? ನಾನು ಯೋಜನಾ ಕಚೇರಿಯ ಮೇಜಿನ ಎರಡೂ ಬದಿಯಲ್ಲಿ ಕುಳಿತವನು, ಮೊದಲು ನಕ್ಷೆಗಾರನಾಗಿ, ಆಮೇಲೆ ಅರ್ಜಿದಾರರ ಪರವಾಗಿ. ಜನರು ಅಂದುಕೊಂಡಿರುವಂತೆ ಅಧಿಕಾರಿಗಳು ಬಣ್ಣದ ಪೆನ್ಸಿಲ್ ಹಿಡಿದು ಇಲ್ಲಿ ಮನೆ, ಇಲ್ಲಿ ಅಂಗಡಿ, ಇಲ್ಲಿ ಹೊಲ ಎಂದು ಬಳಿಯುತ್ತಾ ಹೋಗುವುದಿಲ್ಲ. ಬಣ್ಣ ಬರುವುದು ಕಟ್ಟಕಡೆಗೆ.

ಮೊದಲ ಕೆಲಸ ಈಗಿರುವ ಭೂಬಳಕೆಯ ಸಮೀಕ್ಷೆ. ಭೂದಾಖಲೆ ಇಲಾಖೆಯಿಂದ ಒಂದೊಂದು ಹಳ್ಳಿಯ ನಕ್ಷೆಯನ್ನು ತರಿಸಿ, ಅವುಗಳನ್ನು ಜೋಡಿಸಿ, ಉಪಗ್ರಹದ ಚಿತ್ರದ ಮೇಲೆ ಕೂರಿಸುತ್ತಾರೆ. ಹೇಳಲು ಒಂದು ವಾಕ್ಯ, ಮಾಡಲು ತಿಂಗಳುಗಳು. ಎರಡು ಹಳ್ಳಿಗಳ ನಕ್ಷೆಗಳನ್ನು ಅಕ್ಕಪಕ್ಕ ಇಟ್ಟರೆ ಶಿವಾರದ ಗೆರೆಗಳು ಒಂದಕ್ಕೊಂದು ಕೂಡುವುದಿಲ್ಲ. ಎಲ್ಲೋ ಒಂದು ಕಡೆ ಸೀಳು ಬಿಡುತ್ತದೆ, ಇನ್ನೊಂದು ಕಡೆ ಒಂದರ ಮೇಲೊಂದು ಏರುತ್ತದೆ. ಬಟ್ಟೆಯ ಮೇಲೆ ಅಂಟಿಸಿದ ಹಳೆಯ ನಕ್ಷೆ ನೂರು ಸಲ ಮಡಚಿ ಬಿಚ್ಚಿ ಹಿಗ್ಗಿರುತ್ತದೆ. ಮಡಿಕೆಯ ಮೇಲೆಯೇ ಯಾರದೋ ಬಾವಿ ಇರುತ್ತದೆ. 1:5000 ಪ್ರಮಾಣದ ಹಾಳೆಯಲ್ಲಿ ಒಂದು ಮಿಲಿಮೀಟರು ನೆಲದ ಮೇಲಿನ ಐದು ಮೀಟರಿಗೆ ಸಮ. ಹಾಗಾಗಿ ಅಂಥ ಹಾಳೆಯ ಮೇಲೆ ನಿಮ್ಮ ಮೂರು ಗುಂಟೆ, ಅಂದರೆ ಸುಮಾರು ಮುನ್ನೂರು ಚದರ ಮೀಟರು, ಮೂರು ಮಿಲಿಮೀಟರು ಅಗಲ, ನಾಲ್ಕು ಮಿಲಿಮೀಟರು ಉದ್ದ. ಅದರ ಮೇಲೆ ಒಂದು ತೊಗರಿಬೇಳೆ ಇಟ್ಟರೆ ಮುಚ್ಚಿಹೋಗುತ್ತದೆ. ಅರ್ಧ ಮಿಲಿಮೀಟರಿನ ಗೆರೆ ಎಳೆದರೆ ಆ ಗೆರೆಯ ದಪ್ಪವೇ ಎರಡೂವರೆ ಮೀಟರು. ಯೋಜಕರಿಗೆ ಕಾಣುವುದು ಗಟ್ ನಂಬರು ಮಾತ್ರ. ಅದರೊಳಗಿನ ಹನ್ನೆರಡು ಮಂದಿಯ ಹನ್ನೆರಡು ತುಂಡುಗಳು ನಕ್ಷೆಯಲ್ಲಿ ಇರುವುದೇ ಇಲ್ಲ. ನಿಮ್ಮ ಸಾತ್‌ಬಾರಾ ಸಾಮಾಯಿಕ, ಅಂದರೆ ಜಂಟಿಯಾಗಿರುವುದರ ನಿಜವಾದ ಅಪಾಯ ಇದೇ. ಇದಕ್ಕೆ ಮತ್ತೆ ಬರುತ್ತೇನೆ.

ಸಮೀಕ್ಷೆಯ ಮೇಲೆ ಜರಡಿ ಹಿಡಿಯುತ್ತಾರೆ. ಕಟ್ಟಲೇಬಾರದ ನೆಲವನ್ನು ಮೊದಲು ಹೊರಗೆ ತೆಗೆಯುವುದು. 1:5ಕ್ಕಿಂತ ಕಡಿದಾದ ಗುಡ್ಡದ ಇಳಿಜಾರು, ಅರಣ್ಯ, ಸೇನೆ ಮತ್ತು ವಿಮಾನ ನಿಲ್ದಾಣಗಳ ನಿರ್ಬಂಧ, ಕಸದ ಡಿಪೋದ ಸುತ್ತಲಿನ ಬಫರ್, ನಾಲೆಗಳು. ಮಾಂಜರಿಗೆ ಗುಡ್ಡದ ಚಿಂತೆಯಿಲ್ಲ, ಆದರೆ ಉತ್ತರಕ್ಕೆ ಮುಳಾ-ಮುಠಾ ನದಿ ಇದೆ. ನೀರಾವರಿ ಇಲಾಖೆ ನದಿಗೆ ಎರಡು ಗೆರೆ ಹಾಕುತ್ತದೆ: 25 ವರ್ಷಕ್ಕೊಮ್ಮೆ ಬರಬಹುದಾದ ಪ್ರವಾಹದ ಮಟ್ಟಕ್ಕೆ ನೀಲಿ ಗೆರೆ, 100 ವರ್ಷಕ್ಕೊಮ್ಮೆ ಬರಬಹುದಾದ ಪ್ರವಾಹದ ಮಟ್ಟಕ್ಕೆ ಕೆಂಪು ಗೆರೆ. ದಂಡೆಯಿಂದ ನೀಲಿ ಗೆರೆಯವರೆಗೆ ಮನೆಗೆ ಜಾಗವಿಲ್ಲ. ನೀಲಿ ಮತ್ತು ಕೆಂಪಿನ ನಡುವೆ ಷರತ್ತುಗಳೊಂದಿಗೆ ಮಾತ್ರ. ನಿಮ್ಮ ಜಾಗ ಸೋಲಾಪುರ ರಸ್ತೆಯ ಕಡೆಗಿದ್ದರೆ ಈ ಪ್ಯಾರಾವನ್ನು ಮರೆತುಬಿಡಬಹುದು, ನದಿಯ ಕಡೆಗಿದ್ದರೆ ಬೇರೆಲ್ಲಕ್ಕಿಂತ ಮೊದಲು ಇದನ್ನೇ ವಿಚಾರಿಸಬೇಕು.

ಜರಡಿಯ ಮೇಲೆ ಉಳಿದ ನೆಲದಲ್ಲಿ ಮೊದಲು ಬೀಳುವುದು ರಸ್ತೆ. ಇಪ್ಪತ್ತು ವರ್ಷಗಳ ನಂತರ ಆ ಊರಿನಲ್ಲಿ ಎಷ್ಟು ಜನ ಇರಬಹುದೆಂದು ಅಂದಾಜು ಮಾಡಿ, ಅವರು ಓಡಾಡಲು ಬೇಕಾದ ರಸ್ತೆಗಳ ಜಾಲವನ್ನು ಹಾಕುತ್ತಾರೆ. ಆಮೇಲೆ ಅದೇ ಜನರಿಗೆ ಬೇಕಾದ ಶಾಲೆ, ಆಟದ ಮೈದಾನ, ಉದ್ಯಾನ, ದವಾಖಾನೆ, ಮಂಡಿ, ಸ್ಮಶಾನ, ನೀರಿನ ಟಾಕಿ. ಇವುಗಳನ್ನು ‘ಆರಕ್ಷಣ’ ಎನ್ನುತ್ತಾರೆ. ಇದು ಜಾತಿಯ ಮೀಸಲಾತಿಯಲ್ಲ, ನೆಲದ ಮೀಸಲಾತಿ. ಇಷ್ಟೆಲ್ಲ ಆದ ಮೇಲೆ ಉಳಿದದ್ದಕ್ಕೆ ವಾಸ, ವಾಣಿಜ್ಯ, ಕೈಗಾರಿಕೆ, ಕೃಷಿ ಎಂಬ ಬಣ್ಣಗಳು. ಹೀಗಾಗಿ ‘ನಮ್ಮದು ಯಾವ ಝೋನ್’ ಎಂದಷ್ಟೇ ಕೇಳುವುದು ಅರ್ಧ ಪ್ರಶ್ನೆ. ಹಳದಿ ಝೋನಿನ ನಡುವೆಯೇ ಒಂದು ಗಟ್ ನಂಬರು ಪೂರ್ತಿಯಾಗಿ ಆಟದ ಮೈದಾನಕ್ಕೆ ಮೀಸಲಾಗಿರಬಹುದು. ಆಗ ಝೋನ್ ವಾಸದ್ದಾದರೂ ಮನೆ ಕಟ್ಟಲು ಬರುವುದಿಲ್ಲ.

ಇಲ್ಲಿ ಮನುಷ್ಯರ ಕೈವಾಡ ಇಲ್ಲವೇ ಎಂದು ನೀವು ಕೇಳಬಹುದು. ಇದೆ. ನೇರವಾಗಿ ಹೋಗುತ್ತಿದ್ದ ರಸ್ತೆ ಒಂದು ಬಂಗಲೆಯ ಬಳಿ ಬಂದು ಸೊಂಟ ಬಳುಕಿಸುವುದನ್ನು ನಾನೂ ಕಂಡಿದ್ದೇನೆ. ಆದರೆ ಅನುಭವದಿಂದ ಹೇಳುತ್ತೇನೆ, ಸಣ್ಣ ಜಾಗದವರಿಗೆ ನಷ್ಟವಾಗುವುದು ಹೆಚ್ಚಾಗಿ ಯಾರದೋ ದುರುದ್ದೇಶದಿಂದಲ್ಲ, ಅವರು ಅಲ್ಲಿ ಇರುವುದೇ ನಕ್ಷೆಯಲ್ಲಿ ಕಾಣದಿರುವುದರಿಂದ. ಸಮೀಕ್ಷೆಯಲ್ಲಿ ಖಾಲಿ ಎಂದು ಕಂಡ ಜಾಗದ ಮೇಲೆ ಆರಕ್ಷಣ ಬೀಳುವುದು ಸಹಜ. ಕಟ್ಟಡವಿರುವ ಜಾಗವನ್ನು ಯೋಜಕ ಆದಷ್ಟು ತಪ್ಪಿಸುತ್ತಾನೆ. ಈ ಸೂಕ್ಷ್ಮ ತಿಳಿದವರು ಕರಡು ಬರುವ ಮೊದಲೇ ಪತ್ರಾ ಹೊದಿಸಿದ ಶೆಡ್ಡುಗಳನ್ನು ಎಬ್ಬಿಸಿಬಿಡುತ್ತಾರೆ. ನೀವು ಆ ದಾರಿ ಹಿಡಿಯಬೇಡಿ. ಇರಾದೆ ಪ್ರಕಟವಾದ ದಿನದಿಂದ ಅನುಮತಿಯಿಲ್ಲದೆ ಯಾವುದೇ ನಿರ್ಮಾಣ ಮಾಡಬಾರದೆಂದು 43ನೇ ಕಲಮು ಹೇಳುತ್ತದೆ.

ಕರಡು ಸಿದ್ಧವಾದ ಮೇಲೆ 26ನೇ ಕಲಮಿನಂತೆ ರಾಜಪತ್ರದಲ್ಲಿಯೂ ಪತ್ರಿಕೆಗಳಲ್ಲಿಯೂ ಸೂಚನೆ ಬರುತ್ತದೆ, ನಕ್ಷೆಗಳನ್ನು ಸಾರ್ವಜನಿಕರ ಪರಿಶೀಲನೆಗೆ ಇಡುತ್ತಾರೆ, ‘ಹರಕತಿ ಮತ್ತು ಸೂಚನಾ’, ಅಂದರೆ ಆಕ್ಷೇಪಣೆ ಮತ್ತು ಸಲಹೆ, ಸಲ್ಲಿಸಲು 30 ದಿನ ಕೊಡುತ್ತಾರೆ. ಪಾಲಿಕೆಯ ಯೋಜನೆಯಾದರೆ ಸ್ಥಾಯೀ ಸಮಿತಿಯ ಮೂವರು ಸದಸ್ಯರೂ ಹೊರಗಿನಿಂದ ನೇಮಕಗೊಂಡ ತಜ್ಞರೂ ಇರುವ ಯೋಜನಾ ಸಮಿತಿ ಅವುಗಳ ಸುನಾವಣಿ, ಅಂದರೆ ವಿಚಾರಣೆ, ನಡೆಸುತ್ತದೆ. ಆಮೇಲೆ ಯೋಜನೆ ಸರ್ಕಾರಕ್ಕೆ ಹೋಗುತ್ತದೆ, ಮತ್ತು 31ನೇ ಕಲಮಿನಡಿ ಸರ್ಕಾರ ಮಂಜೂರು ಮಾಡಿದ ಮೇಲಷ್ಟೇ ಅದು ಅಂತಿಮ. ಇಡೀ ಪ್ರಕ್ರಿಯೆಯಲ್ಲಿ ನಿಮ್ಮಂಥವರ ಮಾತಿಗೆ ಕಾಯ್ದೆ ಕಿವಿಗೊಡುವುದು ಆ 30 ದಿನಗಳಲ್ಲಿ. ಉಳಿದ ವರ್ಷಗಳಲ್ಲಿ ನೀವು ಕೊಡುವ ಮನವಿಗಳನ್ನು ಸ್ವೀಕರಿಸಿ ಮೊಹರು ಒತ್ತಿಕೊಡುತ್ತಾರೆ, ಅಷ್ಟೇ.

ಆ 30 ದಿನಗಳನ್ನು ಹೇಗೆ ಬಳಸಬೇಕೆಂಬುದಕ್ಕೆ ನಾನು ಕಂಡ ಎರಡು ಅರ್ಜಿಗಳ ಕತೆ ಹೇಳುತ್ತೇನೆ. ಒಂದು ಕಡೆ ಒಬ್ಬ ಏಜೆಂಟರು ನಲವತ್ತು ಮಂದಿಗೆ ಒಂದೇ ಅರ್ಜಿಯನ್ನು ಟೈಪ್ ಮಾಡಿಸಿ, ತಲೆಗೆ ಇಷ್ಟೆಂದು ಹಣ ಪಡೆದು, ಸಲ್ಲಿಸಿದ್ದರು. ‘ನಾವು ಬಡವರು, ನಮ್ಮ ಜಾಗ ಬಿಟ್ಟುಕೊಡಿ’ ಎಂಬುದಷ್ಟೇ ಅದರ ಸಾರ. ಹಲವು ಪ್ರತಿಗಳಲ್ಲಿ ಗಟ್ ನಂಬರಿನ ಜಾಗ ಚುಕ್ಕೆಗಳಾಗಿಯೇ ಉಳಿದಿತ್ತು. ಸುನಾವಣಿಯಲ್ಲಿ ಆ ಕಟ್ಟಿನ ಮೇಲೆ ಎರಡು ನಿಮಿಷ ಹೋಯಿತು. ಇನ್ನೊಬ್ಬರು ನಿವೃತ್ತ ಶಾಲಾ ಶಿಕ್ಷಕರು. ಅವರು ತಮ್ಮ ಮೋಜಣಿ ನಕ್ಷೆಯನ್ನು, ಅಂದರೆ ಸರ್ಕಾರಿ ಅಳತೆಯ ನಕ್ಷೆಯನ್ನು, ಲಗತ್ತಿಸಿ, ಪ್ರಸ್ತಾವಿತ ರಸ್ತೆಯ ಗೆರೆ ಎಲ್ಲಿ ಬರುತ್ತದೆಂದು ಕೆಂಪು ಶಾಯಿಯಲ್ಲಿ ಎಳೆದು, ಅದೇ ಗೆರೆ ನೂರು ಹೆಜ್ಜೆ ಮುಂದೆ ಸರ್ಕಾರಿ ನಾಲೆಯೊಳಗೆ ಇಳಿಯುತ್ತದೆಂದು ಫೋಟೋ ಸಮೇತ ತೋರಿಸಿ, ಹದಿನೈದು ಮೀಟರು ಪೂರ್ವಕ್ಕೆ ಸರಿಸಿದರೆ ನಾಲೆಯೂ ಉಳಿಯುತ್ತದೆ, ಐದು ಮನೆಗಳೂ ಉಳಿಯುತ್ತವೆ ಎಂದು ಬರೆದಿದ್ದರು. ಸಮಿತಿಯ ಸದಸ್ಯರೊಬ್ಬರು ಕುರ್ಚಿಯಿಂದ ಎದ್ದು ಗೋಡೆಯ ನಕ್ಷೆಯ ಬಳಿ ಹೋಗಿ ಬೆರಳಿಟ್ಟು ನೋಡಿದರು. ಶಿಫಾರಸು ಶಿಕ್ಷಕರ ಪರವಾಗಿ ಬಂತು. ಯೋಜಕರ ಎದುರು ಕಷ್ಟ ಹೇಳಿಕೊಳ್ಳುವುದಕ್ಕಿಂತ ಅವರ ಕೆಲಸವನ್ನು ಹಗುರ ಮಾಡಿಕೊಡುವ ಅರ್ಜಿಗೆ ತೂಕ ಹೆಚ್ಚು.

ಎಷ್ಟು ಕಾಲ ಕಾಯಬೇಕು? ಇದಕ್ಕೆ ಪುಣೆಯ ಇತಿಹಾಸವೇ ಉತ್ತರ, ಮತ್ತು ಅದು ಸಮಾಧಾನದ ಉತ್ತರವಲ್ಲ. 1997ರಲ್ಲಿ 38 ಹಳ್ಳಿಗಳನ್ನು ಪಾಲಿಕೆಗೆ ಸೇರಿಸಿದರು. ವಿರೋಧ ಬಂದು ಹದಿನೈದನ್ನು ಹೊರಗಿಟ್ಟ ಮೇಲೆ 23 ಉಳಿದವು. ಸಂಖ್ಯೆ ಒಂದೇ ಆದರೂ ಇವು ನಿಮ್ಮ 23 ಅಲ್ಲ, ಹಳೆಯ 23. ಅವುಗಳ ಯೋಜನೆ ತುಂಡುತುಂಡಾಗಿ ಮಂಜೂರಾಯಿತು. ಬಾಣೇರ್-ಬಾಲೇವಾಡಿಯ ಭಾಗ 2008ರಲ್ಲಿ ಬಂತು. ಗುಡ್ಡಗಳ ಮೇಲಿನ ಸುಮಾರು 978 ಹೆಕ್ಟೇರಿನ ಜೀವವೈವಿಧ್ಯ ಉದ್ಯಾನದ ಆರಕ್ಷಣ, ಪುಣೆಯವರು ‘ಬಿಡಿಪಿ’ ಎನ್ನುವುದು, ಇತ್ಯರ್ಥವಾಗುವಾಗ 2015. ಹದಿನೆಂಟು ವರ್ಷ. ಆ ಹದಿನೆಂಟು ವರ್ಷಗಳಲ್ಲಿ ಗುಡ್ಡದ ಬುಡದಲ್ಲಿ ಒಂದು ಗುಂಟೆ, ಎರಡು ಗುಂಟೆ ಕೊಂಡವರು ನಕ್ಷೆಗಾಗಿ ಕಾಯಲಿಲ್ಲ; ಮನೆ ಕಟ್ಟಿಕೊಂಡರು, ಮಕ್ಕಳ ಮದುವೆ ಮಾಡಿದರು, ಆಮೇಲೆ ತಮ್ಮ ಮನೆ ಇರುವುದು ಆರಕ್ಷಣದೊಳಗೆ ಎಂದು ತಿಳಿದುಕೊಂಡರು. ಅವರಲ್ಲಿ ನಮ್ಮ ಕಡೆಯವರೂ ಇದ್ದಾರೆ, ಕಲಬುರಗಿಯಿಂದ ಗಾರೆ ಕೆಲಸಕ್ಕೆ ಬಂದು ನೆಲೆನಿಂತವರು. ಇದಿಷ್ಟೇ ಸಾಲದೆಂಬಂತೆ, 2017ರಲ್ಲಿ ಪಾಲಿಕೆಗೆ ಸೇರಿದ ಫುರ್ಸುಂಗಿ ಮತ್ತು ಉರುಳಿ ದೇವಾಚಿ 2024ರಲ್ಲಿ ಹೊರಬಂದು ಪ್ರತ್ಯೇಕ ನಗರಪರಿಷತ್ತಾದವು. ಗಡಿ ಹೋಗುತ್ತದೆ, ಬರುತ್ತದೆ. ಗಟ್ ನಂಬರು ಇದ್ದಲ್ಲಿಯೇ ಇರುತ್ತದೆ.

ಒಂದು ವೇಳೆ ಅಂತಿಮ ಯೋಜನೆಯಲ್ಲಿ ನಿಮ್ಮ ಜಾಗ ರಸ್ತೆಗೋ ಮೈದಾನಕ್ಕೋ ಹೋದರೆ ಬರಿಗೈಯಲ್ಲಿ ಕಳಿಸುವುದಿಲ್ಲ. 126ನೇ ಕಲಮಿನಡಿ ಟಿಡಿಆರ್ (ಬೇರೆಡೆ ಬಳಸಬಹುದಾದ ಅಥವಾ ಮಾರಬಹುದಾದ ಕಟ್ಟುವ ಹಕ್ಕು), ಎಫ್‌ಎಸ್‌ಐ (ಉಳಿದ ಜಾಗದಲ್ಲಿಯೇ ಹೆಚ್ಚುವರಿಯಾಗಿ ಕಟ್ಟುವ ಹಕ್ಕು) ಅಥವಾ 2013ರ ಭೂಸ್ವಾಧೀನ ಕಾಯ್ದೆಯಂತೆ ಪರಿಹಾರ ಇದೆ. ಮಂಜೂರಾಗಿ ಹತ್ತು ವರ್ಷಗಳಾದರೂ ಜಾಗವನ್ನು ವಶಕ್ಕೆ ತೆಗೆದುಕೊಳ್ಳದಿದ್ದರೆ 127ನೇ ಕಲಮಿನಂತೆ ನೋಟೀಸು ಕೊಟ್ಟು, 24 ತಿಂಗಳೊಳಗೆ ಸ್ವಾಧೀನವಾಗಲಿ ಅದಕ್ಕೆ ಬೇಕಾದ ಕ್ರಮವಾಗಲಿ ಆಗದಿದ್ದರೆ ಆರಕ್ಷಣ ರದ್ದಾಯಿತೆಂದು ಹಕ್ಕು ಸಾಧಿಸಬಹುದು. ಆದರೆ ಟಿಡಿಆರ್ ಬೇಕಾದರೆ ಜಾಗದ ಮೇಲಿನ ಒಡೆತನ ಸ್ಪಷ್ಟವಿರಬೇಕು. ಸಾಮಾಯಿಕ ಸಾತ್‌ಬಾರಾದಲ್ಲಿ ಹನ್ನೆರಡು ಮಂದಿಯೂ ಒಟ್ಟಿಗೆ ಬಂದು ಸಹಿ ಹಾಕಬೇಕು, ಮತ್ತು ಹನ್ನೆರಡರಲ್ಲಿ ಒಬ್ಬರು ತೀರಿಹೋಗಿರುತ್ತಾರೆ, ಒಬ್ಬರು ದುಬೈಯಲ್ಲಿರುತ್ತಾರೆ, ಒಬ್ಬರು ತಕರಾರು ಮಾಡುತ್ತಾರೆ.

ಇದಕ್ಕಿಂತ ನ್ಯಾಯವಾದ ದಾರಿಯೊಂದು ಅದೇ ಕಾಯ್ದೆಯಲ್ಲಿದೆ: ನಗರ ರಚನಾ ಯೋಜನೆ, ಇಲ್ಲಿನವರ ಮಾತಿನಲ್ಲಿ ‘ಟಿಪಿ ಸ್ಕೀಮ್’. ಇದರಲ್ಲಿ ಒಂದು ಪ್ರದೇಶದ ಎಲ್ಲ ಜಮೀನುಗಳನ್ನು ಒಟ್ಟುಗೂಡಿಸಿ, ರಸ್ತೆ, ಉದ್ಯಾನ, ಬಡವರ ಮನೆಗಳಿಗೆ ಬೇಕಾದಷ್ಟನ್ನು, ಸಾಮಾನ್ಯವಾಗಿ ಅರ್ಧದಷ್ಟನ್ನು, ಎಲ್ಲರಿಂದಲೂ ಸಮನಾಗಿ ತೆಗೆದು, ಉಳಿದರ್ಧವನ್ನು ರಸ್ತೆಗೆ ಮುಖಮಾಡಿದ ಅಚ್ಚುಕಟ್ಟಾದ ನಿವೇಶನಗಳಾಗಿ ಹಿಂತಿರುಗಿಸುತ್ತಾರೆ. ಸಾಮಾನ್ಯ ಯೋಜನೆಯಲ್ಲಿ ಒಬ್ಬನ ಹೊಲದ ಮೇಲೆ ಮೈದಾನ ಬಿದ್ದು ಅವನು ಮುಳುಗುತ್ತಾನೆ, ಪಕ್ಕದವನಿಗೆ ಅದೇ ಮೈದಾನದ ಕಡೆಗೆ ಮುಖಮಾಡಿದ ನಿವೇಶನವೆಂದು ಬೆಲೆ ಏರುತ್ತದೆ, ಇಲ್ಲಿ ಹಾಗಾಗುವುದಿಲ್ಲ. ಪಿಎಂಆರ್‌ಡಿಎ ಮಹಾಳುಂಗೆ-ಮಾಣ್‌ನಲ್ಲಿ ಸುಮಾರು 250 ಹೆಕ್ಟೇರಿನ ಮೇಲೆ ಇಂಥ ಯೋಜನೆಯನ್ನು ಕೈಗೆತ್ತಿಕೊಂಡಿತು. ಹೊಸದಾಗಿ ಸೇರಿದ ಹಳ್ಳಿಗಳಿಗೆಲ್ಲ ಇದೇ ಸರಿಯೆಂಬುದು ನನ್ನ ಅಭಿಪ್ರಾಯ. ಆದರೂ ಮೂರು ಗುಂಟೆಯವರಿಗೆ ಅರ್ಧ ಹೋದರೆ ಉಳಿಯುವುದು ಒಂದೂವರೆ ಗುಂಟೆ ಎಂಬುದನ್ನು ಮುಚ್ಚಿಡಲಾರೆ.

ಈಗ ನೀವು ಮಾಡಬೇಕಾದದ್ದು. ಮೊದಲು ಯೋಜನಾ ಕಚೇರಿಯಿಂದ ‘ಝೋನ್ ದಾಖಲಾ’ (ಝೋನ್ ಪ್ರಮಾಣಪತ್ರ) ಮತ್ತು ಅದರೊಂದಿಗೆ ‘ಭಾಗ ನಕಾಶಾ’ (ನಕ್ಷೆಯ ಆ ಭಾಗದ ಪ್ರತಿ) ತೆಗೆದುಕೊಳ್ಳಿ. ದಾಖಲಾದ ಒಂದೊಂದು ಪದವನ್ನೂ ಓದಿ. ಅದರಲ್ಲಿ ಹೆಚ್ಚಾಗಿ ಕಾಣುವ ಮಾತು ‘ಅಂಶತಃ’, ಅಂದರೆ ಭಾಗಶಃ: ಗಟ್ ನಂಬರು ಅಂಶತಃ ರಹಿವಾಸ, ಅಂಶತಃ ಶೇತಿ, ಅಂಶತಃ ಹದಿನೆಂಟು ಮೀಟರಿನ ರಸ್ತೆಯಿಂದ ಬಾಧಿತ. ಹೀಗಿದ್ದರೆ ನಿಮ್ಮ ಮೂರು ಗುಂಟೆ ಆ ಯಾವ ಅಂಶದಲ್ಲಿದೆ ಎಂಬುದನ್ನು ದಾಖಲಾ ಹೇಳುವುದಿಲ್ಲ. ಅದಕ್ಕೆ ಭೂದಾಖಲೆ ಇಲಾಖೆಯಿಂದ ಮೋಜಣಿ ಮಾಡಿಸಿ, ಯೋಜನಾ ಕಚೇರಿಯಿಂದ ಗೆರೆಗಳ ಆಖಣಿ, ಅಂದರೆ ಗುರುತು, ಪಡೆಯಬೇಕು. ಕಾಗದದ ಮೇಲೆ ಅಳತೆಪಟ್ಟಿ ಇಟ್ಟು ಲೆಕ್ಕ ಹಾಕಬೇಡಿ, ತೊಗರಿಬೇಳೆಯ ಮಾತು ನೆನಪಿರಲಿ. ಹೊಸ ಕರಡೊಂದು ಪ್ರಕಟವಾಗಿ ಮಂಜೂರಾಗದಿರುವ ಹೊತ್ತಿನಲ್ಲಿ ಹಳೆಯ ಯೋಜನೆ ಮತ್ತು ಕರಡು ಎರಡನ್ನೂ ನೋಡಿ, ಅವುಗಳಲ್ಲಿ ಕಠಿಣವಾದುದನ್ನೇ ಅನ್ವಯಿಸುವುದು ಕಚೇರಿಗಳ ರೂಢಿ. ಹಾಗಾಗಿ ದಾಖಲಾದ ಮೇಲಿನ ದಿನಾಂಕವೂ ಮುಖ್ಯ. ಎರಡು ವರ್ಷ ಹಳೆಯ ದಾಖಲಾ ತೋರಿಸಿ ಜಾಗ ಮಾರುವವರನ್ನು ನಂಬಬೇಡಿ.

ಝೋನ್ ವಾಸದ್ದೇ ಎಂದು ಬಂದರೂ ಇನ್ನೊಂದು ಬಾಗಿಲು ದಾಟಬೇಕು. ತುಂಡು ಭೂಮಿಯ ಮಾರಾಟವನ್ನು ನಿಯಂತ್ರಿಸುವ 1947ರ ಕಾಯ್ದೆ ಇದೆ, ಜನರು ‘ತುಕಡೆಬಂದಿ’ ಎನ್ನುವುದು. ಲೇಔಟ್ ಮಂಜೂರಾತಿ ಇಲ್ಲದೆ ಕೊಂಡ ಗುಂಟೆಗಳನ್ನು ಸಕ್ರಮಗೊಳಿಸಲು 2001ರ ಗುಂಠೇವಾರಿ ಕಾಯ್ದೆ ಇದೆ. ನಿಮ್ಮ 2015ರ ಖರೀದಿಪತ್ರ ಇವುಗಳಲ್ಲಿ ಎಲ್ಲಿ ನಿಲ್ಲುತ್ತದೆ ಎಂಬುದನ್ನು ಪತ್ರವನ್ನು ಕಣ್ಣಾರೆ ನೋಡದೆ ಹೇಳುವುದು ತಪ್ಪಾಗುತ್ತದೆ. ಹವೇಲಿ ತಾಲೂಕಿನ ಕಂದಾಯ ದಾಖಲೆಗಳನ್ನು ಬಲ್ಲ ವಕೀಲರಿಗೆ ಮೂಲಪತ್ರವನ್ನೇ ತೋರಿಸಿ. ನಿಮ್ಮ ಜಾಗ ಗಾವಠಾಣಕ್ಕೆ, ಅಂದರೆ ಹಳ್ಳಿಯ ಮೂಲ ವಸತಿ ಪ್ರದೇಶಕ್ಕೆ, ಹತ್ತಿರವಿದ್ದರೆ ಅದನ್ನೂ ಅವರಿಗೆ ಹೇಳಿ, ಏಕೆಂದರೆ ಗಾವಠಾಣದ ಗಡಿಯಿಂದ 200 ಮೀಟರಿನೊಳಗಿನ ನೆಲದ ಬಿನ್‌ಶೇತಿ (ಕೃಷಿಯೇತರ) ಪರಿವರ್ತನೆಗೆ ಭೂಕಂದಾಯ ಸಂಹಿತೆಯ 42ಡಿ ಕಲಮಿನಲ್ಲಿ ಸುಲಭದ ದಾರಿ ಇದೆ.

ಇಂದಿನ ಸ್ಥಿತಿಯಲ್ಲಿ, ಕೈಯಲ್ಲಿ ಝೋನ್ ದಾಖಲಾ ಇಲ್ಲದೆ, ಮಂಜೂರಾದ ನಕ್ಷೆ ಇಲ್ಲದೆ, ನೀವು ಮನೆ ಕಟ್ಟಬಾರದು. ‘ಪಾಲಿಕೆ ನಮ್ಮಿಂದ ತೆರಿಗೆ ತೆಗೆದುಕೊಳ್ಳುತ್ತದಲ್ಲ, ಅಂದ ಮೇಲೆ ಮನೆ ಅಧಿಕೃತವೇ’ ಎಂಬ ಮಾತು ಈ ಭಾಗದಲ್ಲಿ ಬಹಳ ಕೇಳಿಬರುತ್ತದೆ. ತೆರಿಗೆಯ ರಸೀದಿ ತೆರಿಗೆಗಷ್ಟೇ ಪುರಾವೆ. ಅನಧಿಕೃತ ಮನೆಯಿಂದಲೂ ಪಾಲಿಕೆ ತೆರಿಗೆ ವಸೂಲು ಮಾಡುತ್ತದೆ, ಅದರ ಮೇಲೆ ಮಹಾನಗರಪಾಲಿಕೆ ಕಾಯ್ದೆಯ 267ಎ ಕಲಮಿನಂತೆ ಆಸ್ತಿತೆರಿಗೆಯ ಎರಡು ಪಟ್ಟು ದಂಡವನ್ನೂ ಹಾಕಬಹುದು, ಮತ್ತು ಹಾಗೆ ವಸೂಲು ಮಾಡಿದ್ದರಿಂದ ಮನೆ ಸಕ್ರಮವಾಗುವುದಿಲ್ಲವೆಂದು ಅದೇ ಕಲಮು ಸ್ಪಷ್ಟಪಡಿಸುತ್ತದೆ.

ಕಚೇರಿಗೆ ಹೋಗುವಾಗ ಮೂರು ತಿಂಗಳೊಳಗಿನ ಸಾತ್‌ಬಾರಾ, ಸಂಬಂಧಪಟ್ಟ ಫೇರ್‌ಫಾರ್ (ಮ್ಯುಟೇಶನ್) ನೋಂದಣಿಗಳ ಪ್ರತಿ, ಇದ್ದರೆ ಮೋಜಣಿ ನಕ್ಷೆ, ಖರೀದಿಪತ್ರದ ಜೆರಾಕ್ಸ್, ಯಜಮಾನರ ಆಧಾರ್ ಕಾರ್ಡು ಒಯ್ಯಿರಿ. ಸಾಧ್ಯವಾದರೆ ಆ ಹನ್ನೊಂದು ಮಂದಿಯಲ್ಲಿ ಇಬ್ಬರು ಮೂವರನ್ನು ಜೊತೆಗೆ ಕರೆದೊಯ್ಯಿರಿ. ದಾಖಲಾ ಬರುವುದು ಇಡೀ ಗಟ್ ನಂಬರಿಗೆ, ಅರ್ಜಿಯ ಶುಲ್ಕವನ್ನು ಹನ್ನೆರಡು ಮನೆಯವರೂ ಹಂಚಿಕೊಳ್ಳಬಹುದು, ಮತ್ತು ನಾಳೆ ಹರಕತಿ ಬರೆಯುವ ದಿನ ಬಂದಾಗ ಒಬ್ಬರ ಮುಖ ಒಬ್ಬರಿಗೆ ಆಗಲೇ ಪರಿಚಯವಾಗಿರುತ್ತದೆ.